ಬೆಳ್ಳಗಿರುವುದೆಲ್ಲ ಮಳೆಮೋಡವಲ್ಲ: ಉಪಗ್ರಹದ ರೋಹಿತ ಅಳತೆಯಿಂದ ಮೋಡ, ನೀರಾವಿ ಓದುವ ಕ್ರಮ

"ಉಪಗ್ರಹದ ಚಿತ್ರದಾಗ ಗದಗ ಜಿಲ್ಲಾ ಪೂರ್ತಿ ಬೆಳ್ಳಗ ಕಾಣತಿತ್ತು, ನಮ್ಮೂರಾಗ ಒಂದು ಹನಿ ಬೀಳಲಿಲ್ಲ. ಯಾಕ?" ಮಿರಗದ ಮಳೆ ಹುಟ್ಟಿತೆಂದರೆ ಈ ಪ್ರಶ್ನೆ ಶುರು. ಧಾರವಾಡದ ಕಡೆಯಿಂದ ಅದೇ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ: "ಚಿತ್ರದಾಗ ಮೋಡನ ಇಲ್ಲದಂಗ ಇತ್ತು, ಇಲ್ಲಿ ಮೂರು ದಿನದಿಂದ ಜಿಟಿಜಿಟಿ ನಿಂತಿಲ್ಲ."

ಎರಡಕ್ಕೂ ಉತ್ತರ ಒಂದೇ. ಟೀವಿಯಲ್ಲಿ, ವಾಟ್ಸಾಪ್‌ನಲ್ಲಿ ನೀವು ನೋಡುವ ಕಪ್ಪು-ಬಿಳುಪು ಚಿತ್ರ ಸಾಮಾನ್ಯವಾಗಿ ಒಂದೇ ಒಂದು ಚಾನೆಲ್‌ನದು. ಅದರಲ್ಲಿ ಬಿಳಿ ಎಂದರೆ "ಇಲ್ಲಿ ತಣ್ಣಗಿದೆ" ಎಂದಷ್ಟೇ ಅರ್ಥ, "ಇಲ್ಲಿ ನೀರಿದೆ" ಎಂದಲ್ಲ. ಮೋಡದ ಗುಣ ತಿಳಿಯಬೇಕಾದರೆ ಒಂದು ಚಾನೆಲ್‌ನ ಬಣ್ಣ ನೋಡಿ ಪ್ರಯೋಜನವಿಲ್ಲ. ಎರಡು ಚಾನೆಲ್‌ಗಳ ಅಂಕಿ ಕಳೆದು ನೋಡಬೇಕು. ಕೆಳಗಿನ ಹಂತಗಳೆಲ್ಲ ಆ ಕಳೆಯುವ ಲೆಕ್ಕದ ಸುತ್ತಲೇ ಇವೆ. ವಿಜ್ಞಾನ ಶಿಕ್ಷಕರು, ಕಾಲೇಜು ಹುಡುಗ-ಹುಡುಗಿಯರು, ಹೊಲದ ಲೆಕ್ಕಕ್ಕೆ ಮುಗಿಲು ನೋಡುವವರು ಯಾರೇ ಆಗಲಿ, ಒಂದು ಸಾಧಾರಣ ಕಂಪ್ಯೂಟರ್ ಇದ್ದರೆ ಮಾಡಬಹುದು.

ಬೇಕಾಗುವ ಸಾಮಾನು

8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಸಾಕು. ತಂತ್ರಾಂಶಗಳೆಲ್ಲ ಪುಕ್ಕಟೆ: ನಕ್ಷೆಗೆ ಕ್ಯೂಜಿಐಎಸ್, ಕಡತದೊಳಗೆ ಏನಿದೆ ಎಂದು ಇಣುಕಲು ನಾಸಾದ ಪ್ಯಾನೊಪ್ಲಿ, ಲೆಕ್ಕಕ್ಕೆ ಪೈಥಾನ್. ಪೈಥಾನ್ ಬರುವವರು ಸ್ಯಾಟ್‌ಪೈ ಎಂಬ ಗ್ರಂಥಾಲಯ ಹಾಕಿಕೊಂಡರೆ ಭಾರತದ ಹವಾಮಾನ ಉಪಗ್ರಹ ಇನ್ಸಾಟ್‌ನ ಕಡತ ಬಿಡಿಸುವ ಕೆಲಸ ಅರ್ಧ ತಗ್ಗುತ್ತದೆ. ಇಸ್ರೋದ ಅಹಮದಾಬಾದ್ ಕೇಂದ್ರ ನಡೆಸುವ ಮೊಸ್ಡಾಕ್ ತಾಣದಲ್ಲಿ ಒಂದು ಖಾತೆ ಬೇಕು, ಅದಕ್ಕೆ ದುಡ್ಡಿಲ್ಲ. ಜೊತೆಗೆ ಒಂದು ಮಳೆಮಾಪಕ. ಸಾಧ್ಯವಾದರೆ ದೂರದಿಂದ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್. ಅದರ ಮಾತು ಕೊನೆಯ ಹಂತದಲ್ಲಿದೆ.

ನಾಲ್ಕು ಪದಗಳ ಅರ್ಥ ಮೊದಲೇ ಹಿಡಿದಿಟ್ಟುಕೊಳ್ಳಿ. ಚಾನೆಲ್ ಅಥವಾ ಬ್ಯಾಂಡ್ ಎಂದರೆ ಉಪಗ್ರಹ ಅಳೆಯುವ ತರಂಗಾಂತರದ ಒಂದು ಕಿರಿದಾದ ಪಟ್ಟಿ. ಅವಗೆಂಪು ಎಂದರೆ ಕೆಂಪಿಗಿಂತ ಉದ್ದ ತರಂಗದ, ಕಣ್ಣಿಗೆ ಕಾಣದ ಬೆಳಕು. ಬಿಸಿ ಹೆಂಚಿನಿಂದ ಮುಖಕ್ಕೆ ತಟ್ಟುವ ಕಾವು ಅದೇ. ಹೊಳಪಿನ ಉಷ್ಣತೆ ಎಂದರೆ ಉಪಗ್ರಹಕ್ಕೆ ಬಂದ ಅವಗೆಂಪು ಶಕ್ತಿಯನ್ನು ಉಷ್ಣತೆಯ ಅಂಕಿಗೆ ಇಳಿಸಿದ ಬೆಲೆ, ಕೆಲ್ವಿನ್‌ನಲ್ಲಿ; ಸೆಲ್ಸಿಯಸ್ ಬೇಕಾದರೆ 273 ಕಳೆಯಿರಿ. ನೀರಾವಿ ಮೊತ್ತ ಎಂದರೆ ನಿಮ್ಮ ತಲೆಯ ಮೇಲಿನ ಗಾಳಿಯ ಕಂಬದಲ್ಲಿರುವ ಆವಿಯನ್ನೆಲ್ಲ ನೀರು ಮಾಡಿ ನೆಲದ ಮೇಲೆ ಹರಡಿದರೆ ನಿಲ್ಲುವ ನೀರಿನ ಎತ್ತರ, ಮಿಲಿಮೀಟರ್‌ನಲ್ಲಿ.

ಹಂತ 1: ಗಡಿಯಾರ ಸರಿಮಾಡಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಉಪಗ್ರಹದ ಕಡತಗಳೆಲ್ಲ ಗ್ರೀನಿಚ್ ಸಮಯದಲ್ಲಿರುತ್ತವೆ. ನಮ್ಮ ಗಡಿಯಾರಕ್ಕೆ ಐದೂವರೆ ತಾಸು ಕೂಡಿಸಬೇಕು. 0600 ಎಂದು ಬರೆದ ಕಡತ ನಮಗೆ ಬೆಳಿಗ್ಗೆ 11:30ರದು. 1030 ಎಂದರೆ ಸಂಜೆ 4. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ ಏಳುವುದರಿಂದ ನಿಮಗೆ ಬೇಕಾದ್ದು 0930ರಿಂದ 1300ರವರೆಗಿನ ಕಡತಗಳು. ರಾತ್ರಿ 12ರಿಂದ ಬೆಳಗಿನ 5:30ರವರೆಗಿನ ಮಳೆಗೆ ಹಿಂದಿನ ದಿನದ ತಾರೀಖಿನ ಕಡತ ಹುಡುಕಬೇಕು.

ಇನ್ನೊಂದು ಸೂಕ್ಷ್ಮವಿದೆ. ಇನ್ಸಾಟ್ ಭೂಮಿಯ ಪೂರ್ತಿ ಮುಖವನ್ನು ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಗೀಚಿಕೊಂಡು ಬರಲು ಸುಮಾರು 26 ನಿಮಿಷ ತೆಗೆದುಕೊಳ್ಳುತ್ತದೆ. ಕಡತದ ಮೇಲಿರುವುದು ಶುರುವಾದ ಸಮಯ. ಸರದಿ ನಮ್ಮ ಅಕ್ಷಾಂಶಕ್ಕೆ ಬರುವ ಹೊತ್ತಿಗೆ ಹತ್ತಿರ ಹತ್ತು ನಿಮಿಷ ಕಳೆದಿರುತ್ತದೆ. ಜಡಿಮಳೆಯ ಲೆಕ್ಕಕ್ಕೆ ಇದು ನಡೆಯುತ್ತದೆ. ಬೇಸಿಗೆಯ ಗುಡುಗುಮೋಡ ಹತ್ತು ನಿಮಿಷದಲ್ಲಿ ಆಕಾರವನ್ನೇ ಬದಲಿಸುತ್ತದೆ.

ಹಂತ 2: ಮೊದಲು ಕಣ್ಣಿನ ಅಭ್ಯಾಸ

ಕಡತ ಇಳಿಸುವ ಮುಂಚೆ ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ ಒಂದು ವಾರ ಕಳೆಯಿರಿ. ಖಾತೆ ಬೇಡ, ಬ್ರೌಸರ್ ಸಾಕು. ಹುಬ್ಬಳ್ಳಿ 15.36 ಡಿಗ್ರಿ ಉತ್ತರ, 75.12 ಡಿಗ್ರಿ ಪೂರ್ವ, ಗದಗ 15.43 ಮತ್ತು 75.63, ಹಾವೇರಿ 14.79 ಮತ್ತು 75.40. ಈ ಅಂಕಿಗಳನ್ನು ಹುಡುಕುವ ಜಾಗದಲ್ಲಿ ಹಾಕಿದರೆ ನಕ್ಷೆ ಅಲ್ಲಿಗೆ ಬಂದು ನಿಲ್ಲುತ್ತದೆ.

1999ರ ಡಿಸೆಂಬರ್‌ನಲ್ಲಿ ಹಾರಿದ ಟೆರಾ, 2002ರ ಮೇನಲ್ಲಿ ಹಾರಿದ ಆಕ್ವಾ, ಈ ಎರಡು ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣಕ್ಕೆ 36 ಬ್ಯಾಂಡ್. ಸಹಜ ಬಣ್ಣದ ಚಿತ್ರ ಮೊದಲು ನೋಡಿ. ಆಮೇಲೆ ಅದೇ ದಿನಕ್ಕೆ 7-2-1 ಎಂಬ ಬಣ್ಣ ಜೋಡಣೆ ಹಾಕಿ, ಅಂದರೆ 7, 2, 1ನೆಯ ಬ್ಯಾಂಡ್‌ಗಳನ್ನು ಕ್ರಮವಾಗಿ ಕೆಂಪು, ಹಸಿರು, ನೀಲಿಯಾಗಿ ತೋರಿಸುವುದು. ಸಹಜ ಬಣ್ಣದಲ್ಲಿ ಒಂದೇ ತರಹ ಬೆಳ್ಳಗಿದ್ದ ಮೋಡಗಳು ಈಗ ಎರಡಾಗಿ ಒಡೆಯುತ್ತವೆ: ಹನಿಗಳ ಮೋಡ ಬೆಳ್ಳಗೇ ಉಳಿಯುತ್ತದೆ, ಹಿಮಕಣಗಳ ಮೋಡ ತಿಳಿ ಹಸಿರು-ನೀಲಿಗೆ ತಿರುಗುತ್ತದೆ. ಹಿಮ 2.1 ಮೈಕ್ರೋಮೀಟರ್ ಬೆಳಕನ್ನು ಹನಿಗಳಿಗಿಂತ ಹೆಚ್ಚು ಹೀರುವುದೇ ಕಾರಣ. 3-6-7 ಜೋಡಣೆಯಲ್ಲಿ ಹಿಮದ ಮೋಡ ಕೆಂಪಾಗುತ್ತದೆ, ಆದರೆ ಅದು ಟೆರಾಕ್ಕೆ ಮಾತ್ರ ಸಿಗುತ್ತದೆ. ಆಕ್ವಾದ 6ನೆಯ ಬ್ಯಾಂಡ್‌ನ ಬಹುಪಾಲು ಸಂವೇದಕಗಳು ಕೆಟ್ಟಿವೆ.

ಈ ಉಪಗ್ರಹಗಳ ಸಮಯದ ಲೆಕ್ಕ ಸೂರ್ಯನದು, ನಮ್ಮ ಗಡಿಯಾರದ್ದಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹುಬ್ಬಳ್ಳಿ ಅದಕ್ಕಿಂತ ಏಳೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಅರ್ಧ ತಾಸು. ಸೂರ್ಯನ ಲೆಕ್ಕದ ಮಧ್ಯಾಹ್ನ 1:30 ಎಂದರೆ ನಮ್ಮ ಕೈಗಡಿಯಾರದಲ್ಲಿ 2 ಗಂಟೆ. ಟೆರಾ, ಆಕ್ವಾ ಎರಡೂ ಮುದಿಯಾಗಿ, ಮೊದಲಿನ 10:30 ಮತ್ತು 1:30ರ ಸಮಯದಿಂದ ಈಗ ಸರಿದಿವೆ. ಆದ್ದರಿಂದ ಪುಸ್ತಕದ ಸಮಯ ನಂಬದೆ ಆಯಾ ದಿನದ ಕಕ್ಷೆಯ ಸಮಯ ನೋಡಿ. ನಮ್ಮ ಅಕ್ಷಾಂಶದಲ್ಲಿ ಎರಡು ಕಕ್ಷೆಗಳ ನಡುವೆ ಕಪ್ಪು ಖಾಲಿ ಪಟ್ಟಿ ಬೀಳುವುದೂ ಉಂಟು. ಊರು ಆ ಪಟ್ಟಿಯಲ್ಲಿ ಸಿಕ್ಕ ದಿನ ಅದನ್ನು ಬಿಟ್ಟುಬಿಡಿ. ಪಟ್ಟಿಯ ಅಂಚಿನಲ್ಲಿ ಸಿಕ್ಕರೂ ಎಚ್ಚರ: ನೆತ್ತಿಯ ಕೆಳಗೆ 1 ಕಿ.ಮೀ. ಇರುವ ಪಿಕ್ಸೆಲ್ ಅಂಚಿಗೆ ಹೋದಂತೆ ಹಲವು ಪಟ್ಟು ಹಿಗ್ಗುತ್ತದೆ.

ಹಂತ 3: ಇನ್ಸಾಟ್ ಕಡತ ಇಳಿಸುವುದು

ಮೋಡಿಸ್ ಹಗಲು ಒಂದೆರಡು ಸಲ ಬಂದುಹೋಗುತ್ತದೆ. ಮೋಡ ಹುಟ್ಟಿ ಬೆಳೆಯುವುದನ್ನು ಕಾಯಬೇಕಾದರೆ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತು ನೋಡುವ ಭೂಸ್ಥಿರ ಉಪಗ್ರಹ ಬೇಕು. 2016ರ ಸೆಪ್ಟೆಂಬರ್ 8ರಂದು ಹಾರಿದ ಇನ್ಸಾಟ್-3ಡಿಆರ್ 74 ಡಿಗ್ರಿ ಪೂರ್ವದಲ್ಲಿದೆ, 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ 82 ಡಿಗ್ರಿಯಲ್ಲಿ. ಎರಡರ ಇಮೇಜರ್‌ನಲ್ಲೂ ಆರು ಚಾನೆಲ್. ನಿಮಗೆ ಬೇಕಾದ ಮಟ್ಟಿಗೆ ಅವುಗಳ ಪರಿಚಯ ಇಷ್ಟು.

ಕಾಣುವ ಬೆಳಕಿನದು 0.55–0.75 ಮೈಕ್ರೋಮೀಟರ್, ಪಿಕ್ಸೆಲ್ 1 ಕಿ.ಮೀ., ಹಗಲು ಮಾತ್ರ. 1.6ರ ಸುತ್ತಲಿನದು ಹಿಮ-ಹನಿ ಬೇರೆ ಮಾಡಲು, ಅದೂ 1 ಕಿ.ಮೀ., ಅದೂ ಹಗಲು ಮಾತ್ರ. 3.9ರ ಎಂಐಆರ್ (ನಡು ಅವಗೆಂಪು) ಹಗಲು ಸೂರ್ಯನ ಬೆಳಕನ್ನೂ ನೆಲದ ಕಾವನ್ನೂ ಕಲಸಿ ಅಳೆಯುವುದರಿಂದ ರಾತ್ರಿಯೇ ಹೆಚ್ಚು ಉಪಯುಕ್ತ. 6.5–7.1ರದು ನೀರಾವಿ ಚಾನೆಲ್, 3ಡಿಆರ್‌ನಲ್ಲಿ 8 ಕಿ.ಮೀ. ಪಿಕ್ಸೆಲ್. ಕೊನೆಗೆ ಉಷ್ಣ ಅವಗೆಂಪಿನ ಎರಡು, 10.3–11.3ರ ಟಿಐಆರ್-1 ಮತ್ತು 11.5–12.5ರ ಟಿಐಆರ್-2, ಎರಡೂ 4 ಕಿ.ಮೀ., ಹಗಲು ರಾತ್ರಿ ಎರಡಕ್ಕೂ. ನಮ್ಮ ಲೆಕ್ಕದ ಬೆನ್ನೆಲುಬು ಈ ಕೊನೆಯ ಮೂರು.

ಮೊಸ್ಡಾಕ್‌ನಲ್ಲಿ ಎಲ್1ಬಿ ಎಂದಿರುವುದು ಉಪಗ್ರಹ ಕಂಡಂತೆಯೇ ಇರುವ ಕಚ್ಚಾ ನೋಟ. ಎಲ್1ಸಿ ಎಂದರೆ ಏಷ್ಯಾದ ಭಾಗವನ್ನು ಕತ್ತರಿಸಿ ಮರ್ಕೇಟರ್ ನಕ್ಷೆಗೆ ಕೂರಿಸಿದ್ದು. ಎಲ್2 ಎಂದರೆ ಬೇರೆಯವರು ಲೆಕ್ಕ ಹಾಕಿ ಮುಗಿಸಿದ ಮಳೆ, ನೀರಾವಿ ಮುಂತಾದ ಫಲಿತ. ಮೊದಲ ಸಲದವರು ಎಲ್1ಸಿ ತೆಗೆದುಕೊಳ್ಳಿ, ಕ್ಯೂಜಿಐಎಸ್‌ನಲ್ಲಿ ತಾಲೂಕಿನ ಗಡಿಯ ಜೊತೆ ಕೂರಿಸುವುದು ಸಲೀಸು. ನೇರ ಎಲ್2ಗೆ ಹಾರುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಅಂಕಿ ಸಿಗುತ್ತದೆ, ಅದು ಎಲ್ಲಿ ತಪ್ಪಬಹುದು ಎಂಬುದು ಸಿಗುವುದಿಲ್ಲ.

ಕಡತಗಳು ದೊಡ್ಡವು, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ. ಇವತ್ತಿನ ಮಳೆಗೆ ಇವತ್ತೇ ಕಡತ ಕೈಗೆ ಬರಬೇಕೆಂಬ ಲೆಕ್ಕವೂ ಬೇಡ. ತಕ್ಷಣದ ನೋಟಕ್ಕೆ ಹವಾಮಾನ ಇಲಾಖೆಯ ಉಪಗ್ರಹ ಪುಟವಿದೆ. ಅಭ್ಯಾಸಕ್ಕೆ, ನಿಮ್ಮ ಊರಲ್ಲಿ ಏನಾಯಿತೆಂದು ನಿಮಗೆ ಚೆನ್ನಾಗಿ ನೆನಪಿರುವ ಮೂರು ದಿನ ಆರಿಸಿ: ಒಂದು ಸ್ವಚ್ಛ ಬಿಸಿಲಿನ ದಿನ, ಒಂದು ಆಲಿಕಲ್ಲು-ಗುಡುಗಿನ ದಿನ, ಒಂದು ಜಿಟಿಜಿಟಿ ದಿನ.

ಹಂತ 4: ಎಣಿಕೆಯಿಂದ ಉಷ್ಣತೆಗೆ

ಕಡತ ಎಚ್‌ಡಿಎಫ್5 ಎಂಬ ಬಗೆಯದು, ಒಳಗೆ ಹಲವು ಕೋಷ್ಟಕಗಳಿರುವ ಕಪಾಟಿನಂತೆ. ಅದರಲ್ಲಿ ಟಿಐಆರ್-1 ಎಂಬ ಚಿತ್ರದ ಕೋಷ್ಟಕವೂ, ಟಿಐಆರ್-1 ಉಷ್ಣತೆ ಎಂಬ ಉದ್ದನೆಯ ಪಟ್ಟಿಯೂ ಬೇರೆ ಬೇರೆ ಇರುತ್ತವೆ. ಚಿತ್ರದ ಕೋಷ್ಟಕದಲ್ಲಿರುವುದು ಉಷ್ಣತೆಯಲ್ಲ, 0ರಿಂದ 1023ರವರೆಗಿನ ಎಣಿಕೆ. ಪಿಕ್ಸೆಲ್‌ನಲ್ಲಿ 412 ಇದ್ದರೆ, ಪಟ್ಟಿಯನ್ನು 0ಯಿಂದ ಎಣಿಸುತ್ತ 412ನೆಯ ಸ್ಥಾನದಲ್ಲಿ ಬರೆದ ಅಂಕಿಯೇ ಆ ಪಿಕ್ಸೆಲ್‌ನ ಹೊಳಪಿನ ಉಷ್ಣತೆ. ಪ್ರತಿ ಚಾನೆಲ್‌ಗೂ ಅದರದೇ ಪಟ್ಟಿ. ಒಂದರದನ್ನು ಇನ್ನೊಂದಕ್ಕೆ ಬಳಸಿದರೆ ನಂಬುವಂತಿರುವ ತಪ್ಪು ಉತ್ತರ ಬರುತ್ತದೆ. ಅಂಥ ತಪ್ಪು ಹಿಡಿಯುವುದು ಬಲು ಕಷ್ಟ.

ಎಲ್1ಬಿ ಬಳಸುವವರಿಗೆ: ಅಕ್ಷಾಂಶ-ರೇಖಾಂಶ ಕೂಡ ಪೂರ್ಣಾಂಕವಾಗಿಯೇ ಕೂತಿರುತ್ತವೆ, ಪಕ್ಕದ ಟಿಪ್ಪಣಿಯಲ್ಲಿರುವ ಗುಣಕದಿಂದ ಗುಣಿಸಬೇಕು. ಗುಣಕ 0.01 ಇದ್ದರೆ 1536 ಎಂಬುದು 15.36 ಡಿಗ್ರಿ. ನಕ್ಷೆಯಲ್ಲಿ 327.67 ಡಿಗ್ರಿ ಅಕ್ಷಾಂಶ ಕಂಡರೆ ಗಾಬರಿ ಬೇಡ, ಅದು ಭೂಮಿಯ ಹೊರಗಿನ ಖಾಲಿ ಆಕಾಶಕ್ಕೆ ತುಂಬಿದ 32767 ಎಂಬ ಗುರುತು. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಲೆಕ್ಕವೆಲ್ಲ ಕೆಡುತ್ತದೆ.

ಈಗ ನಮ್ಮ ಭಾಗ ಕತ್ತರಿಸಿ: ಅಕ್ಷಾಂಶ 14ರಿಂದ 16, ರೇಖಾಂಶ 74.5ರಿಂದ 76.2. ಅಳ್ನಾವರದ ಕಾಡಿನಿಂದ ಮುಂಡರಗಿಯ ಎರೆಹೊಲದವರೆಗೆ ಮೂರೂ ಜಿಲ್ಲೆ ಇದರೊಳಗೆ ಬರುತ್ತವೆ. 4 ಕಿ.ಮೀ. ಲೆಕ್ಕದಲ್ಲಿ ಸುಮಾರು 2,500 ಪಿಕ್ಸೆಲ್ ಅಷ್ಟೇ, ಬೇಕಾದರೆ ಎಕ್ಸೆಲ್‌ನಲ್ಲೂ ಹರಡಿ ನೋಡಬಹುದು. ನೀರಾವಿ ಚಾನೆಲ್ 8 ಕಿ.ಮೀ. ಆದ್ದರಿಂದ ಅದರ ಒಂದು ಚೌಕ ಇತರ ನಾಲ್ಕು ಚೌಕಗಳಿಗೆ ಸಮ. ಮುಂದೆ ಕಳೆಯುವಾಗ ಇದು ನೆನಪಿರಲಿ.

ಮುಂದೆ ಹೋಗುವ ಮುನ್ನ ಒಂದು ಪರೀಕ್ಷೆ. ಸ್ವಚ್ಛ ಬಿಸಿಲಿನ ದಿನ ಮಧ್ಯಾಹ್ನದ ಕಡತದಲ್ಲಿ ಗದಗ-ನರಗುಂದದ ಹೊಲಗಳು ಟಿಐಆರ್-1ರಲ್ಲಿ 300 ಕೆಲ್ವಿನ್‌ಗಿಂತ ಮೇಲಿರಬೇಕು. ಗುಡುಗಿನ ದಿನ ಮೋಡದ ನೆತ್ತಿ 200–220ಕ್ಕೆ ಇಳಿದಿರಬೇಕು. ತಿರುಗಾಮುರುಗಾ ಬಂದಿದ್ದರೆ ಪಟ್ಟಿಯನ್ನು ತಲೆಕೆಳಗು ಓದಿದ್ದೀರಿ.

ಹಂತ 5: ಮೋಡದ ನೆತ್ತಿ ಎಷ್ಟು ಎತ್ತರ?

ಮೇಲೆ ಹೋದಂತೆ ಗಾಳಿ ಪ್ರತಿ ಕಿಲೋಮೀಟರ್‌ಗೆ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ. ನೆಲದ ಬಳಿಯ ಗಾಳಿಯ ಉಷ್ಣತೆಯಿಂದ ಮೋಡದ ನೆತ್ತಿಯ ಉಷ್ಣತೆ ಕಳೆದು 6.5ರಿಂದ ಭಾಗಿಸಿದರೆ ನೆಲದಿಂದ ಎತ್ತರ ಬರುತ್ತದೆ. ಗದಗಿನಲ್ಲಿ ಮೇ ಸಂಜೆ ಗಾಳಿ 34 ಡಿಗ್ರಿ, ಅಂದರೆ 307 ಕೆಲ್ವಿನ್. ಮೋಡದ ನೆತ್ತಿ 213 ಎಂದುಕೊಳ್ಳಿ. ವ್ಯತ್ಯಾಸ 94, ಎತ್ತರ ಹದಿನಾಲ್ಕೂವರೆ ಕಿ.ಮೀ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿರುವುದರಿಂದ ಒಟ್ಟು 15 ಕಿ.ಮೀ. ಪಕ್ಕಾ ಗುಡುಗುಮೋಡ.

ಇಲ್ಲಿ ಬಳಸಬೇಕಾದ್ದು ನೆರಳಲ್ಲಿ ಅಳೆದ ಗಾಳಿಯ ಉಷ್ಣತೆ. ಮೋಡವಿಲ್ಲದ ಪಕ್ಕದ ಪಿಕ್ಸೆಲ್‌ನಿಂದ ನೆಲದ ಉಷ್ಣತೆ ಎತ್ತಿಕೊಳ್ಳಬೇಡಿ. ಬೇಸಿಗೆಯ ಎರೆಮಣ್ಣು ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಅದು 323 ಕೆಲ್ವಿನ್ ಇದ್ದರೆ ಇದೇ ಮೋಡ ಹದಿನೇಳೂವರೆ ಕಿ.ಮೀ. ದಾಟಿಬಿಡುತ್ತದೆ, ನಮ್ಮ ಕಡೆ ಗುಡುಗುಮೋಡಗಳು ಬೆಳೆಯುವ ಚಾವಣಿಯೇ ಅಲ್ಲಿಗಿಂತ ಕೆಳಗಿದೆ.

ಈಗ ಧಾರವಾಡದ ಜಿಟಿಜಿಟಿ. ಜುಲೈನಲ್ಲಿ ಗಾಳಿ 24 ಡಿಗ್ರಿ, ಮೋಡದ ನೆತ್ತಿ 10 ಡಿಗ್ರಿ. ವ್ಯತ್ಯಾಸ 14, ನೆಲದಿಂದ ಬರೀ ಎರಡು ಚಿಲ್ಲರೆ ಕಿ.ಮೀ. ಇಂಥ ಬೆಚ್ಚಗಿನ ಗಿಡ್ಡ ಮೋಡ ಅವಗೆಂಪು ಚಿತ್ರದಲ್ಲಿ ನೆಲದ ಬೂದುಬಣ್ಣದಲ್ಲೇ ಕರಗಿಹೋಗುತ್ತದೆ. ಪಶ್ಚಿಮ ಘಟ್ಟ ಹತ್ತಿ ಬರುವ ಗಾಳಿ ಮಾತ್ರ ಅದರಿಂದಲೇ ದಿನಗಟ್ಟಲೆ ಹನಿ ಉದುರಿಸುತ್ತದೆ. ಧಾರವಾಡದ ಪ್ರಶ್ನೆಗೆ ಉತ್ತರ ಇದು. 235 ಕೆಲ್ವಿನ್‌ಗಿಂತ ತಣ್ಣಗಿರುವ ಮೋಡವನ್ನೆಲ್ಲ ಮಳೆಮೋಡವೆಂದು ಎಣಿಸುವ ಹಳೆಯ ನಿಯಮವೊಂದಿದೆ. ದೊಡ್ಡ ಪ್ರದೇಶದ ತಿಂಗಳ ಸರಾಸರಿಗೆ ಅದು ಸರಿ. ಅಳ್ನಾವರ, ಕಲಘಟಗಿ, ಹಾನಗಲ್ಲಿನ ಒಂದು ದಿನಕ್ಕೆ ಹಚ್ಚಿದರೆ ಮಳೆಯೇ ಮಾಯವಾಗುತ್ತದೆ.

ಇನ್ನು ಜಾಗದ ಮೋಸ. ಉಪಗ್ರಹ ನಮ್ಮನ್ನು ನೆತ್ತಿಯ ಮೇಲಿಂದ ನೋಡುತ್ತಿಲ್ಲ, ಓರೆಯಾಗಿ ನೋಡುತ್ತಿದೆ. ಹುಬ್ಬಳ್ಳಿಯಿಂದ 3ಡಿಎಸ್ ನೆತ್ತಿಗಿಂತ ಸುಮಾರು 20 ಡಿಗ್ರಿ ದಕ್ಷಿಣ-ಆಗ್ನೇಯಕ್ಕೆ ವಾಲಿದೆ. ಆದ್ದರಿಂದ 15 ಕಿ.ಮೀ. ಎತ್ತರದ ನೆತ್ತಿ ಚಿತ್ರದಲ್ಲಿ ಉತ್ತರ-ವಾಯವ್ಯಕ್ಕೆ ಐದು ಕಿ.ಮೀ. ಚಿಲ್ಲರೆ ಸರಿದು ಕಾಣುತ್ತದೆ. ಹುಬ್ಬಳ್ಳಿಯಿಂದ ಧಾರವಾಡ 20 ಕಿ.ಮೀ., ಅದೂ ವಾಯವ್ಯಕ್ಕೇ. ಹುಬ್ಬಳ್ಳಿಯ ಮೇಲೆ ನಿಂತ ಮೋಡ ಚಿತ್ರದಲ್ಲಿ ಧಾರವಾಡದ ದಾರಿಯ ಕಾಲುಭಾಗ ನಡೆದುಬಿಟ್ಟಿರುತ್ತದೆ ಎಂದಾಯಿತು. ಗಿಡ್ಡ ಮೋಡಗಳಿಗೆ ಈ ಸರಿತ ಒಂದು ಕಿ.ಮೀ. ಆಸುಪಾಸು, ಬಿಟ್ಟುಬಿಡಬಹುದು. 3ಡಿಆರ್‌ನಲ್ಲಿ ಸರಿತ ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಆದ್ದರಿಂದ ಎರಡೂ ಉಪಗ್ರಹದ ಚಿತ್ರಗಳನ್ನು ಸರದಿಯಲ್ಲಿ ಪೋಣಿಸಿ ಚಲಿಸುವ ಚಿತ್ರ ಮಾಡಿದರೆ ಎತ್ತರದ ಮೋಡ ಅರ್ಧ ಪಿಕ್ಸೆಲ್‌ಗೂ ಮಿಕ್ಕಿ ಅತ್ತಿತ್ತ ಕುಣಿಯುತ್ತದೆ. ಅದನ್ನು ಗಾಳಿಯ ಆಟವೆಂದು ಬರೆದುಕೊಳ್ಳಬೇಡಿ.

ಹಂತ 6: ಚಾನೆಲ್ ಕಳೆಯುವ ಲೆಕ್ಕ

ಗದಗಿನ ಬಿಳಿ ಹೊದಿಕೆಯ ರಹಸ್ಯ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ, ಅಲ್ಲಿ ಮಳೆ ಸುರಿಸಿ ಉಳಿದ ಹಿಮದ ಪದರ ಮೇಲುಗಾಳಿಗೆ ಸಿಕ್ಕಿ ನಮ್ಮ ಮೇಲೆ ಹಾಯುತ್ತದೆ. ಇದೇ ಸಿರಸ್, ಹಿಂಜಿದ ಅರಳೆಯಂಥ ಮೋಡ. ತಣ್ಣಗಿದೆ, ಬೆಳ್ಳಗಿದೆ, ಹನಿ ಇಲ್ಲ.

ಮೊದಲ ಲೆಕ್ಕ: ಟಿಐಆರ್-1ರಿಂದ ಟಿಐಆರ್-2 ಕಳೆಯಿರಿ. ದಪ್ಪ ಮೋಡದಲ್ಲಿ ಎರಡೂ ಒಂದೇ ನೆತ್ತಿಯನ್ನು ನೋಡುವುದರಿಂದ ಉತ್ತರ ಸೊನ್ನೆಯ ಹತ್ತಿರ. ತೆಳು ಸಿರಸ್ ಆದರೆ ಹಿಮಕಣ 12 ಮೈಕ್ರೋಮೀಟರ್‌ನಲ್ಲಿ ಹೆಚ್ಚು ಹೀರುತ್ತದೆ, 11ರಲ್ಲಿ ನೆಲದ ಕಾವು ಹೆಚ್ಚು ದಾಟಿ ಬರುತ್ತದೆ. ಉತ್ತರ 3–6 ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು. ಧೂಳು ಕವಿದ ದಿನ ಉತ್ತರ ಸೊನ್ನೆಗಿಂತ ಕೆಳಗಿಳಿಯಬಹುದು.

ತೆಳು ಸಿರಸ್ ಎತ್ತರದ ಲೆಕ್ಕವನ್ನೂ ಕೆಡಿಸುತ್ತದೆ. ನೆಲ 300, ಮೋಡ 220 ಕೆಲ್ವಿನ್, ನೆಲದ ಕಾವಿನಲ್ಲಿ ಅರ್ಧ ಮೋಡ ದಾಟಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಉಪಗ್ರಹಕ್ಕೆ ಕಾಣುವುದು ಸುಮಾರು 269. ಹಂತ 5ರ ಸೂತ್ರ ಹಾಕಿದರೆ ಎತ್ತರ ಐದು ಕಿ.ಮೀ. ಒಳಗೆ, ನಿಜದಲ್ಲಿ ಮೋಡ ಇರುವುದು ಹನ್ನೆರಡರ ಮೇಲೆ. ಆದ್ದರಿಂದ ಈ ಕಳೆತದಲ್ಲಿ ಉತ್ತರ ದೊಡ್ಡದಿದ್ದ ಪಿಕ್ಸೆಲ್‌ಗಳಿಗೆ ಎತ್ತರದ ಲೆಕ್ಕ ಹಾಕಲೇಬೇಡಿ.

ಎರಡನೆಯ ಲೆಕ್ಕ: ಟಿಐಆರ್-1ರಿಂದ ನೀರಾವಿ ಚಾನೆಲ್ ಕಳೆಯಿರಿ. ಸ್ವಚ್ಛ ಆಕಾಶದಲ್ಲಿ ಒಂದು ನೆಲ ನೋಡುತ್ತದೆ, ಇನ್ನೊಂದು ನಡು-ಮೇಲಿನ ಗಾಳಿ ನೋಡುತ್ತದೆ; ವ್ಯತ್ಯಾಸ ನಾಲ್ವತ್ತು ಡಿಗ್ರಿಯಷ್ಟಿರುತ್ತದೆ. ಮೋಡ ಬೆಳೆದಂತೆ ಅಂತರ ಕರಗುತ್ತದೆ. ಸೊನ್ನೆಗೆ ಬಂತು ಅಥವಾ ದಾಟಿ ಕೆಳಗಿಳಿಯಿತು ಎಂದರೆ ಮೋಡ ಚಾವಣಿ ಮುಟ್ಟಿದೆ. ನಮ್ಮ ಕಡೆಯ ಗುಡುಗು ಮಳೆ ಹುಡುಕಲು ಬಿಳಿ ಬಣ್ಣಕ್ಕಿಂತ ಈ ಒಂದು ಅಂಕಿ ಮೇಲು.

ಮೂರನೆಯದು ರಾತ್ರಿಗೆ, ಚಳಿಗಾಲದ ಮಂಜಿಗೆ: ಟಿಐಆರ್-1ರಿಂದ ಎಂಐಆರ್ ಕಳೆಯಿರಿ. ಸಣ್ಣ ಹನಿಗಳು 3.9ರಲ್ಲಿ ಕಡಿಮೆ ಕಾವು ಸೂಸುವುದರಿಂದ ಮಂಜು ಅಥವಾ ಗಿಡ್ಡ ಮೋಡ ಇದ್ದಲ್ಲಿ ಉತ್ತರ 2 ಡಿಗ್ರಿ ಅಥವಾ ಹೆಚ್ಚು. ಹೊತ್ತು ಮೂಡಿದ ಕೂಡಲೇ ಈ ಲೆಕ್ಕ ನಿಲ್ಲಿಸಿ, ಎಂಐಆರ್‌ನಲ್ಲಿ ಬಿಸಿಲು ಕಲೆತುಬಿಡುತ್ತದೆ. ಬಹಳ ತಣ್ಣನೆಯ ಮೋಡಗಳ ಮೇಲೂ ಬೇಡ. ಅಲ್ಲಿ ಎಂಐಆರ್ ಸಂಕೇತ ಎಷ್ಟು ಕ್ಷೀಣವೆಂದರೆ ಚಿತ್ರ ರವೆ ಎರಚಿದಂತೆ ಕಾಣುತ್ತದೆ.

ಲೆಕ್ಕವೇ ಬೇಡವೆನ್ನುವವರಿಗೂ ಒಂದು ದಾರಿ ಉಂಟು. ಮುಂಗಾರಿನಲ್ಲಿ ನಮ್ಮ ಕೆಳಗಾಳಿ ಪಶ್ಚಿಮದಿಂದ ಪೂರ್ವಕ್ಕೆ, ಬಹು ಎತ್ತರದ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ. ಅರ್ಧ ತಾಸಿಗೊಂದರಂತೆ ಆರು ಚಿತ್ರ ಓಡಿಸಿ ನೋಡಿ: ಗದಗಿನ ಕಡೆಯಿಂದ ಘಟ್ಟದ ಕಡೆ ತೇಲುತ್ತಿರುವುದು ಸಿರಸ್, ಘಟ್ಟದಿಂದ ಗದಗಿನತ್ತ ಬರುತ್ತಿರುವುದು ಗಿಡ್ಡ ಮಳೆಮೋಡ. ಆಷಾಢದಲ್ಲಿ ಎರಡೂ ಒಂದರ ಮೇಲೊಂದು ಎದುರುಬದುರಾಗಿ ಹಾಯುವುದು ಸ್ಪಷ್ಟ ಕಾಣುತ್ತದೆ.

ಹನಿ ಬೀಳುವಷ್ಟು ಮೋಡ ಪಕ್ವವಾಗಿದೆಯೇ ಎಂಬುದಕ್ಕೆ ವರ್ಲ್ಡ್‌ವ್ಯೂನಲ್ಲಿ ಮೋಡದ ಕಣಗಳ ಪರಿಣಾಮಕ ತ್ರಿಜ್ಯ ಎಂಬ ಪದರವಿದೆ. ಹನಿಮೋಡದ ನೆತ್ತಿಯಲ್ಲಿ ತ್ರಿಜ್ಯ ಸುಮಾರು 14 ಮೈಕ್ರೋಮೀಟರ್ ದಾಟಿದ್ದರೆ ಹನಿಗಳು ಒಂದಕ್ಕೊಂದು ಕೂಡಿ ಉದುರುವ ಹಂತಕ್ಕೆ ಬಂದಿವೆ. ಹೊಗೆ-ಧೂಳು ಹೆಚ್ಚಿದ್ದರೆ ಅದೇ ನೀರು ಬಹಳ ಕಣಗಳಿಗೆ ಹಂಚಿಹೋಗಿ ಹನಿ ಸಣ್ಣದಾಗೇ ಉಳಿಯುತ್ತದೆ, ಮೋಡ ಬೆಳ್ಳಗೆ ಹೊಳೆಯುತ್ತ ಹಾಗೇ ಹಾಯ್ದುಹೋಗುತ್ತದೆ. ಹಿಮಮೋಡಕ್ಕೆ ಈ 14ರ ಲೆಕ್ಕ ಹಚ್ಚಬೇಡಿ.

ಹಂತ 7: ನೀರಾವಿ ಅಳೆಯುವುದು

ನೀರಾವಿ ಚಾನೆಲ್ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಅದು ನೋಡುವುದು ಸುಮಾರು 4ರಿಂದ 9 ಕಿ.ಮೀ. ಎತ್ತರದ ಆವಿಯನ್ನು. ಗಾಳಿಯಲ್ಲಿರುವ ಆವಿಯ ಅರ್ಧದಷ್ಟು ಕೆಳಗಿನ ಎರಡು ಕಿಲೋಮೀಟರ್‌ನಲ್ಲೇ ಇರುತ್ತದೆ, ಅದು ಈ ಚಾನೆಲ್‌ಗೆ ಕಾಣುವುದೇ ಇಲ್ಲ. ಮೈ ಬೆವರಿ ಅಂಗಿ ಅಂಟುವ ಮೇ ತಿಂಗಳ ದಿನವೂ ನೀರಾವಿ ಚಿತ್ರದಲ್ಲಿ ಹಾವೇರಿ ಕಪ್ಪಾಗಿ, ಒಣಗಿದಂತೆ ಕಾಣಬಹುದು. ಅಂದು ಸಂಜೆ ಗುಡುಗಿದರೆ ಚಿತ್ರ ಸುಳ್ಳು ಹೇಳಿತೆಂದಲ್ಲ. ಅದು ಮೇಲಂತಸ್ತಿನ ಮಾತಾಡುತ್ತಿತ್ತು.

ಒಟ್ಟು ಕಂಬದ ಆವಿಗೆ ಮೂರು ದಾರಿ. ಒಂದು, ಹಿಂದಿನ ಟಿಐಆರ್-1, ಟಿಐಆರ್-2 ಕಳೆತವೇ: ಮೋಡವಿಲ್ಲದ ಆಕಾಶದಲ್ಲಿ ಆವಿ ಹೆಚ್ಚಿದಷ್ಟೂ ವ್ಯತ್ಯಾಸ ಹೆಚ್ಚುತ್ತದೆ, ಒಣ ದಿನ 1ರ ಸುತ್ತ, ತೇವದ ದಿನ 2–4. ಇದು ಸಿರಸ್‌ನ ಅಂಕಿಯ ಪಕ್ಕಕ್ಕೇ ಬರುವುದರಿಂದ ಮೊದಲು ಮೋಡ ಬೇರ್ಪಡಿಸಿ ಆಮೇಲೆ ಲೆಕ್ಕ ಹಾಕಿ.

ಎರಡು, ಮೋಡಿಸ್‌ನ 0.94 ಮೈಕ್ರೋಮೀಟರ್ ದಾರಿ, ಹಗಲು ಮಾತ್ರ. ನೆಲದಿಂದ ಮರಳಿದ ಬಿಸಿಲಿನಲ್ಲಿ 0.94ರ ಪಾಲನ್ನು ಆವಿ ನುಂಗುತ್ತದೆ, ಪಕ್ಕದ 0.865 ಮತ್ತು 1.24ರ ಪಾಲನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ನುಂಗಿದ್ದಕ್ಕೂ ನುಂಗದ್ದಕ್ಕೂ ಇರುವ ಅನುಪಾತದಿಂದ ಆವಿಯ ಮೊತ್ತ ಬರುತ್ತದೆ. ಗಾಳಿಯ ತಳದವರೆಗೂ ನೋಡುವ ದಾರಿ ಇದು, ಹಾಗಾಗಿ ನಮ್ಮ ಕೆಲಸಕ್ಕೆ ಅತ್ಯುತ್ತಮ. ಆದರೆ ನವಲಗುಂದ, ರೋಣದ ಬರಿ ಎರೆಹೊಲ ಬೆಳಕನ್ನು ಕಡಿಮೆ ಮರಳಿಸುವುದರಿಂದ ಅಲ್ಲಿ ತಪ್ಪು ಹೆಚ್ಚು, ಮಸಾರಿ ನೆಲದಲ್ಲಿ, ಬೆಳೆ ನಿಂತ ಹೊಲದಲ್ಲಿ ಕಡಿಮೆ. ಮೋಡ ಇದ್ದರೆ ಮೋಡದ ಮೇಲಿನ ಆವಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೋಡಿಸ್ ಮುದಿಯಾಯಿತು, ಅದರ ನಂತರ ಬಂದ ವಿಐಐಆರ್‌ಎಸ್ ಉಪಕರಣ ಬಳಸೋಣ ಎಂದು ಹೊರಟವರಿಗೆ ಒಂದು ಮಾತು: ಅದರಲ್ಲಿ 0.94ರ ಬ್ಯಾಂಡೂ ಇಲ್ಲ, 6.7ರ ಬ್ಯಾಂಡೂ ಇಲ್ಲ.

ಮೂರು, ಇನ್ಸಾಟ್‌ನ ಸೌಂಡರ್: 18 ಅವಗೆಂಪು, 1 ಕಾಣುವ ಬೆಳಕಿನ ಚಾನೆಲ್ ಸೇರಿ 19. ಆವಿಯನ್ನು ಪದರ ಪದರವಾಗಿ ಬಿಡಿಸುತ್ತದೆ, 10 ಕಿ.ಮೀ. ಪಿಕ್ಸೆಲ್‌ನಲ್ಲಿ, ಸ್ವಚ್ಛ ಆಕಾಶದಲ್ಲಿ ಮಾತ್ರ. ಮುಂಗಾರಿನ ನಡುವೆ ದಿನಗಟ್ಟಲೆ ಖಾಲಿ ಸಿಗಬಹುದು.

ಸ್ಥೂಲವಾಗಿ ನಮ್ಮ ಭಾಗದಲ್ಲಿ ಚಳಿಗಾಲಕ್ಕೆ 20 ಮಿ.ಮೀ. ಆಸುಪಾಸು, ಮಳೆಗಾಲಕ್ಕೆ 40–50 ಮಿ.ಮೀ. ಬರಬೇಕು. 50 ಮಿ.ಮೀ. ಆವಿ ಎಂದರೆ 50 ಮಿ.ಮೀ. ಮಳೆಯಲ್ಲ. ಆವಿ ಹೊರಗಿನಿಂದ ಹರಿದು ಬರುತ್ತಲೇ ಇದ್ದರೆ ಅದಕ್ಕಿಂತ ಹೆಚ್ಚು ಸುರಿಯಬಹುದು. ಎತ್ತುವ ಗಾಳಿ ಇಲ್ಲದಿದ್ದರೆ ಒಂದು ಹನಿಯೂ ಬೀಳದೆ ಕಪ್ಪತಗುಡ್ಡ ದಾಟಿ ಹೋಗಬಹುದು.

ಹಂತ 8: ನೆಲದ ಅಳತೆಗೆ ತಾಳೆ ಹಾಕುವುದು

ಮಳೆಮಾಪಕದ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಜುಲೈ 10ರ ಮಳೆ ಎಂದು ದಾಖಲಾದದ್ದು 9ರ ಬೆಳಿಗ್ಗೆ 8:30ರಿಂದ 10ರ ಬೆಳಿಗ್ಗೆ 8:30ರವರೆಗಿನದು. ಹೆಚ್ಚಿನಂಶ 9ನೇ ತಾರೀಖಿನದೇ. ಇದನ್ನು 10ರ ಕಡತಕ್ಕೆ ಹೋಲಿಸಿ "ಉಪಗ್ರಹ ತಪ್ಪು" ಎಂದವರು ಬಹಳ ಮಂದಿ. ಸ್ವಂತ ಮಾಪಕ ಇಲ್ಲದಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳ ಅಂಕಿ ಬಳಸಿ. ಒಂದು ಮಾಪಕದ ಬಾಯಿ ಅಂಗೈ ಅಗಲದ್ದು, ಒಂದು ಪಿಕ್ಸೆಲ್ 16 ಚದರ ಕಿ.ಮೀ. ಬೇಸಿಗೆ ಮಳೆಯಲ್ಲಿ ಒಂದೇ ಮಾಪಕಕ್ಕೆ ತಾಳೆ ನೋಡುವುದು ವ್ಯರ್ಥ. ಮೂರು-ನಾಲ್ಕರ ಸರಾಸರಿ ತೆಗೆದುಕೊಳ್ಳಿ.

ಆವಿಗೆ ತಾಳೆ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹಣೆಗೆ ಹಿಡಿಯುವ ಜ್ವರದ ಗನ್ ನಡೆಯುವುದಿಲ್ಲ, ಅದು ಮೈಯ ಉಷ್ಣತೆಯ ಆಚೀಚೆ ಬಿಟ್ಟು ಬೇರೇನೂ ತೋರಿಸದು. ಕಾರ್ಖಾನೆ ಕೆಲಸದ್ದು, ಕನಿಷ್ಠ ಮೈನಸ್ 50 ಡಿಗ್ರಿವರೆಗೆ ಇಳಿಯುವುದು ಬೇಕು. ಮೋಡವಿಲ್ಲದ ನೆತ್ತಿಗೆ ನೇರ ಹಿಡಿದರೆ, ಆಕಾಶದಲ್ಲಿರುವ ಆವಿ ಕೆಳಕ್ಕೆ ಸೂಸುವ ಕಾವನ್ನು ಅದು ಅಳೆಯುತ್ತದೆ. ಡಿಸೆಂಬರ್‌ನ ಒಣ ಆಕಾಶ ಸೊನ್ನೆಗಿಂತ ಬಹಳ ಕೆಳಗೆ ತೋರಿಸುತ್ತದೆ, ಜೂನ್‌ನ ತೆರಪಿನ ಆಕಾಶ ಅದಕ್ಕಿಂತ ಎಷ್ಟೋ ಬೆಚ್ಚಗೆ.

ಉಪಕರಣವನ್ನು ಅರ್ಧ ತಾಸು ಮೊದಲೇ ನೆರಳಿನಲ್ಲಿ ಹೊರಗಿಡಿ; ಒಳಗಿನಿಂದ ತಂದ ಕೂಡಲೇ ಹಿಡಿದರೆ ಅಂಕಿ ಓಡಾಡುತ್ತದೆ. ಕಟ್ಟಡದ ನೆರಳಿನಲ್ಲಿ ನಿಂತು, ಸೂರ್ಯ ನೆತ್ತಿಯ ಹತ್ತಿರ ಇಲ್ಲದ ಹೊತ್ತಿನಲ್ಲಿ ಹಿಡಿಯಿರಿ. ಲೆನ್ಸ್ ಸೂರ್ಯನಿಗೆ ಮುಖಮಾಡಬಾರದು. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವೆಯೂ ಮಧ್ಯಾಹ್ನ 12:30ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ, ಆಗ ಈ ಅಳತೆ ಬೇಡ. ಐದು ಸಲ ಅಳೆದು ನಡುವಿನ ಬೆಲೆ ಬರೆದುಕೊಳ್ಳಿ. ಕಣ್ಣಿಗೆ ಕಾಣದಷ್ಟು ತೆಳು ಸಿರಸ್ ಇದ್ದರೂ ಅಂಕಿ ಏರುತ್ತದೆ, ಆ ಹೊತ್ತಿನ ಟಿಐಆರ್ ಕಳೆತ ನೋಡಿ ಖಾತ್ರಿ ಮಾಡಿಕೊಳ್ಳಿ.

ವಹಿಯಲ್ಲಿ ಎಂಟು ಕಂಬ ಸಾಕು: ತಾರೀಖು, ನಮ್ಮ ಸಮಯ, ಗ್ರೀನಿಚ್ ಸಮಯ, ನೆರಳಿನ ಗಾಳಿಯ ಉಷ್ಣತೆ, ನೆತ್ತಿಯ ಅಂಕಿ, ಉಪಗ್ರಹದ ಆವಿ ಮೊತ್ತ, ಟಿಐಆರ್ ಕಳೆತ, ಮರುದಿನ 8:30ರ ಮಳೆ. ನೆತ್ತಿಯ ಅಂಕಿ ಮತ್ತು ಆವಿ ಮೊತ್ತದ ಸಂಬಂಧ ನೇರ ಗೆರೆಯಲ್ಲ, ಆವಿಯ ಲಾಗರಿದಮ್ ತೆಗೆದುಕೊಂಡರೆ ಗೆರೆ ನೆಟ್ಟಗಾಗುತ್ತದೆ. ಚಳಿಗಾಲ, ಬೇಸಿಗೆ, ಮಳೆಗಾಲ ಮೂರರಿಂದಲೂ ಹತ್ತತ್ತು ಸ್ವಚ್ಛ ದಿನಗಳ ಅಳತೆ ಕೂಡುವವರೆಗೆ ಆ ಗೆರೆ ಎಳೆಯಬೇಡಿ. ಬರೀ ಜನವರಿಯ ಮೂವತ್ತು ಅಂಕಿಗಳಿಂದ ಎಳೆದ ಗೆರೆ ಜೂನ್‌ನಲ್ಲಿ ಕೆಲಸಕ್ಕೆ ಬಾರದು. ಥರ್ಮಾಮೀಟರ್ ಬದಲಿಸಿದರೆ ಎಣಿಕೆ ಮತ್ತೆ ಒಂದರಿಂದ.